ಚೆಲ್ಲಿದ ಅಕ್ಕಿಯೂ ಬಿಟ್ಟ ಅನ್ನವೂ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವೆನಿಸಿದ ಅನ್ನದಲ್ಲಿ ಬಿಡತಕ್ಕ ಭಾಗವೆಂಬುದೇ ಇಲ್ಲ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಭಕ್ತರ ಮನೆಗಳಲ್ಲಿ ಇಂದಿಗೂ ಉಂಟು. ಇಂತಹ ಆಚಾರವಂತರ ಮುಂದೆ ಈಗ ಹೊಸದೊಂದು ಪ್ರಶ್ನೆ ಬಂದಿದೆ. ಎಲೆಯಲ್ಲಿ ಉಳಿದ ಅನ್ನದಿಂದಲೂ ಕೊಳೆತ ಹಣ್ಣಿನಿಂದಲೂ ಪ್ಲಾಸ್ಟಿಕ್ಕಿಗೆ ಸಮಾನವಾದ ವಸ್ತುವನ್ನು ತಯಾರಿಸಬಹುದು. ಹಾಗಾದರೆ ಅನ್ನವನ್ನು ಬಿಡುವುದು ಇನ್ನು ದೋಷವಲ್ಲವೆ?

ಮೊದಲು ಆ ವಿದ್ಯೆಯ ಸ್ವರೂಪವನ್ನು ಅರಿಯಬೇಕು. ಅರಿಯದೆ ನಿಂದಿಸುವುದು ವಿವೇಕಿಗಳ ಲಕ್ಷಣವಲ್ಲ. ಅನ್ನದಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ಹಾಲನ್ನು ಮೊಸರಾಗಿಸುವ ಜಾತಿಯ ಸೂಕ್ಷ್ಮಜೀವಿಗಳಿಂದ ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲವು ದೊರೆಯುವುದು. ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಲೋಟ, ಹಾಳೆಗಳಿಗೆ ಒದಗುವ ದ್ರವ್ಯವಾಗುವುದು. ಇನ್ನೊಂದು ಬಗೆಯಲ್ಲಿ, ಮನುಷ್ಯನ ದೇಹವು ಕೊಬ್ಬನ್ನು ಕೂಡಿಡುವಂತೆ, ಸೂಕ್ಷ್ಮಜೀವಿಯೇ ತನ್ನೊಳಗೆ ಅಂತಹ ದ್ರವ್ಯವನ್ನು ಸಂಗ್ರಹಿಸುವುದು. ಇದನ್ನು 1926ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಲೆಮ್ವಾನ್ ಎಂಬ ವಿಜ್ಞಾನಿಯು ಕಂಡುಹಿಡಿದನು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ಈ ವಿಷಯದಲ್ಲಿ ಸಂಶೋಧನೆ ನಡೆದಿದೆ.

ಚಾಮರಾಜನಗರದ ಸೀಮೆಗೆ ಇದು ದೂರದ ಮಾತಲ್ಲ. ಬಾಳೆಯ ಗಿಡವು ಒಮ್ಮೆ ಮಾತ್ರ ಗೊನೆ ಕೊಡುವುದು. ಗೊನೆ ಕಡಿದ ಮೇಲೆ ಗಿಡವನ್ನೂ ಕಡಿಯಬೇಕು. ದಿಂಡಿನ ತಿರುಳು ಪಲ್ಯಕ್ಕಾದರೂ ಬರುವುದು; ಹೊರಪಟ್ಟೆಯು ತೋಟದಲ್ಲೇ ಕೊಳೆಯುವುದು. ಉಮ್ಮತ್ತೂರಿನಲ್ಲಿ ಆ ಪಟ್ಟೆಯ ನಾರನ್ನು ತೆಗೆದು ಬಳಕೆಯ ವಸ್ತುಗಳನ್ನು ಮಾಡುತ್ತಿರುವುದು ಶ್ಲಾಘನೀಯವಾದ ಕಾಯಕ. ಇದು ಸಹಜವಾದ ತ್ಯಾಜ್ಯ. ಇದನ್ನು ಉಪಯೋಗಿಸುವುದರಲ್ಲಿ ಯಾವ ಧರ್ಮಸಂದೇಹವೂ ಇಲ್ಲ. ಆದರೆ ಬೆಲೆ ಕುಸಿದಾಗ ಗುಂಡ್ಲುಪೇಟೆಯ ರೈತನು ರಸ್ತೆಯ ಬದಿಗೆ ಸುರಿಯುವ ಟೊಮೆಟೊ ತ್ಯಾಜ್ಯವಲ್ಲ, ಆಹಾರ. ಛತ್ರದ ಎಲೆಗಳಲ್ಲಿ ಉಳಿಯುವ ಅನ್ನವೂ ಹಾಗೆಯೇ.

ಇವೆರಡರ ಭೇದವನ್ನು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯು ತಿಳಿಸುವುದು. ಮಾರಯ್ಯನವರು ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಪರರು ಕಾಣದೆ ತುಳಿಯುವ ಕಾಳಿನಲ್ಲಿ ಜಂಗಮಕ್ಕೆ ಸಲ್ಲುವ ಅನ್ನವನ್ನು ಕಂಡರು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ಅಂದು ಬಸವಣ್ಣನವರೇ ಪರೀಕ್ಷಾರ್ಥವಾಗಿ ಅಕ್ಕಿಯನ್ನು ಹೆಚ್ಚಾಗಿ ಚೆಲ್ಲಿಸಿದ್ದರೆಂದೂ ಹೇಳುವುದುಂಟು. ತಾನಾಗಿ ಬಿದ್ದುದನ್ನು ಆಯುವುದು ಕಾಯಕ. ಆಯುವವರಿದ್ದಾರೆಂದು ಚೆಲ್ಲಿಸಿದುದನ್ನು ತುಂಬಿಕೊಳ್ಳುವುದು ಕಾಯಕವಲ್ಲವೆಂದು ಆ ಮಹಾತಾಯಿಯು ಒಂದೇ ನೋಟದಲ್ಲಿ ತಿಳಿದಳು. ಉಳಿದ ಅನ್ನಕ್ಕೆ ಬೆಲೆ ಬಂದೊಡನೆ ಉಳಿಸುವ ಕೈಗೂ ಧೈರ್ಯ ಬರುವುದು. ಎಚ್ಚರ ಬೇಕಾದುದು ಇಲ್ಲಿಯೇ.

ವಿಶ್ವಸಂಸ್ಥೆಯ ಪರಿಸರ ಶಾಖೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಲೋಕದಲ್ಲಿ ವ್ಯರ್ಥವಾದ ಆಹಾರವು, ಸಿಪ್ಪೆ ಮೂಳೆಗಳೂ ಸೇರಿ, ಸುಮಾರು 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ ಅರುವತ್ತು ಭಾಗವು ಮನೆಗಳದು. ದೋಷವನ್ನು ಹೋಟೆಲಿನ ಮೇಲೆ, ಸಂತೆಯ ಮೇಲೆ ಹೊರಿಸುವ ಗೃಹಸ್ಥನು ಈ ಲೆಕ್ಕವನ್ನು ನೋಡಬೇಕು. ಅನ್ನದಿಂದ ಲೋಟವಾದೀತು, ಆದರೆ ಅದನ್ನು ಬೆಳೆದ ನೀರು, ಉತ್ತವನ ಬೆವರು ಆ ಲೋಟದಲ್ಲಿ ಹಿಂದಿರುಗಿ ಬಾರವು.

ಈ ಹೊಸ ಪ್ಲಾಸ್ಟಿಕ್ಕು ತಾನೇ ಮಣ್ಣಾಗುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಲ್ಯಾಕ್ಟಿಕ್ ಆಮ್ಲದಿಂದಾದ ವಸ್ತುವು ಬೇಗ ಕರಗಲು ಗೊಬ್ಬರದ ಕಾರ್ಖಾನೆಯಲ್ಲಿ ಅರುವತ್ತು ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾವು ಬೇಕು. ಬಂಡೀಪುರದ ದಾರಿಯಲ್ಲಿ ಎಸೆದ ಲೋಟಕ್ಕೆ ಆ ಕಾವು ಎಲ್ಲಿಂದ ಬರಬೇಕು? ಜಿಂಕೆಯ ಬಾಯಿಗೆ ಅದು ಯಾವ ಪ್ಲಾಸ್ಟಿಕ್ಕಾದರೂ ಒಂದೇ.

ಆದುದರಿಂದ ಕ್ರಮವು ಮುಖ್ಯ. ಬೆಲೆಯಿಲ್ಲದ ಟೊಮೆಟೊ ಮೊದಲು ದಾಸೋಹದ ಅಡುಗೆಮನೆಗೆ, ಹಸಿದವರಿಗೆ, ಬಳಿಕ ಉಪ್ಪಿನಕಾಯಿಗೆ, ಕೆಟ್ಟುದು ಮಾತ್ರ ಕಾರ್ಖಾನೆಗೆ ಹೋಗತಕ್ಕದ್ದು, ಅದೂ ಬೆಳೆದವನಿಗೆ ಯೋಗ್ಯವಾದ ಹಣ ಸಂದ ಮೇಲೆ. ಮದುವೆಯ ಛತ್ರದಲ್ಲಿ ತರಕಾರಿಯ ಸಿಪ್ಪೆಗೆ ಒಂದು ಪಾತ್ರೆಯನ್ನೂ ಎಲೆಯಲ್ಲಿ ಬಿಟ್ಟ ಅನ್ನಕ್ಕೆ ಮತ್ತೊಂದನ್ನೂ ಬೇರೆಯಾಗಿ ಇಡಬಹುದು. ಎರಡನೆಯದು ಎಷ್ಟು ಬಾರಿ ತುಂಬಿತೆಂಬುದು ಅಂದೇ ಸಂಜೆ ಮನೆಯ ಯಜಮಾನನಿಗೆ ತಿಳಿಯುವುದು.