ಹಾಡುವ ಯಂತ್ರವೂ ಅಪರಿಗ್ರಹವೂ

ಒಂದೇ ಪ್ರಯೋಜನಕ್ಕಾಗಿ ಎರಡು ವಸ್ತುಗಳನ್ನು ಇಟ್ಟುಕೊಳ್ಳುವುದು ಗೃಹಸ್ಥನಿಗೆ ಯುಕ್ತವೇ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಈ ಕಾಲದಲ್ಲಿ ಹೊಸದೊಂದು ದೃಷ್ಟಾಂತ ದೊರೆತಿದೆ. ಕ್ಯಾಸೆಟ್ಟು ಬಂದ ಮೇಲೆ ಅಟ್ಟವನ್ನು ಸೇರಿದ್ದ ಹಾಡಿನ ತಟ್ಟೆಗಳು ಕೆಲವು ಮನೆಗಳಲ್ಲಿ ಮತ್ತೆ ಕೆಳಗಿಳಿದಿವೆ. ಅವನ್ನು ನುಡಿಸಲು ಟರ್ನ್‌ಟೇಬಲ್ ಎಂಬ ಯಂತ್ರವನ್ನು ಕೊಂಡವರು ಒಂದಕ್ಕೆ ತೃಪ್ತರಾಗದೆ ಎರಡನೆಯದನ್ನೂ ತರುತ್ತಾರೆ. ಮಂಡ್ಯಕ್ಕೆ ಸಮೀಪದ ಯಲಿಯೂರಿನಲ್ಲಿ, ಗದ್ದೆಯ ಹುಟ್ಟುವಳಿಯಿಂದ ಜೀವಿಸುವ ಗೃಹಸ್ಥನೊಬ್ಬನು ಹೀಗೆ ಎರಡನ್ನು ಇಟ್ಟುಕೊಂಡಿದ್ದಾನೆಂದು ಕಲ್ಪಿಸಬಹುದು. ಅವನದು ದೋಷವೋ, ಅಲ್ಲವೋ?

ಪತಂಜಲಿಯು ಐದು ಯಮಗಳಲ್ಲಿ ಕೊನೆಯದಾಗಿ ಅಪರಿಗ್ರಹವನ್ನು ಎಣಿಸಿದ್ದಾನೆ. ಜೈನಾಚಾರ್ಯನಾದ ಉಮಾಸ್ವಾತಿಯ ನಿರ್ಣಯವು ಇನ್ನೂ ಸೂಕ್ಷ್ಮವಾದುದು. ಪರಿಗ್ರಹವೆಂಬುದು ವಸ್ತುವಿನಲ್ಲಿ ಇಲ್ಲ, ವಸ್ತುವನ್ನು ಕುರಿತ ಮೂರ್ಛೆಯಲ್ಲಿ, ಎಂದರೆ ಮೋಹದಲ್ಲಿ ಇದೆ ಎಂಬುದು ಅವನ ಮತ. ಇದನ್ನು ಒಪ್ಪಿದರೆ ಬರಿಯ ಎಣಿಕೆಯಿಂದ ತೀರ್ಪು ಹೇಳುವ ಸೌಕರ್ಯವು ತಪ್ಪಿಹೋಗುತ್ತದೆ. ರೈತನ ಮನೆಯಲ್ಲಿ ನೇಗಿಲೂ ಕುಂಟೆಯೂ ಇದ್ದರೆ ಅವನನ್ನು ಯಾರೂ ಲೋಭಿ ಎನ್ನುವುದಿಲ್ಲ. ಎರಡೂ ಮಣ್ಣಿನಲ್ಲಿಯೇ ಆಡತಕ್ಕವು. ಕೆಲಸ ಮಾತ್ರ ಬೇರೆ.

ಗೃಹಸ್ಥನ ಸಮಾಧಾನವೂ ಇದೇ. ಅವನ ತಾತನ ಕಾಲದ ತಟ್ಟೆಗಳು ಅರಗಿನವು. ಕೈತಪ್ಪಿದರೆ ಒಡೆಯತಕ್ಕವು, ನಿಮಿಷಕ್ಕೆ 78 ಸುತ್ತು ತಿರುಗತಕ್ಕವು. ಭಾರತದಲ್ಲಿ ಇವು 1960ರ ದಶಕದ ಕೊನೆಯ ವರೆಗೂ ತಯಾರಾಗುತ್ತಿದ್ದುವು. 1948ರಲ್ಲಿ ಅಮೆರಿಕದಿಂದ ಹೊರಟ ವಿನೈಲ್ ತಟ್ಟೆಯ ವೇಗ 33⅓ ಸುತ್ತು. ಅದರ ಗೀರು ಬಹು ಕಿರಿದು. ಹಳೆಯ ಗೀರಿಗೆ ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು ತ್ರಿಜ್ಯದ ಮುಳ್ಳು ಬೇಕು. ಹೊಸದಕ್ಕೆ ಒಂದು ಭಾಗ ಸಾಕು. ಕಿರಿಯ ಮುಳ್ಳನ್ನು ಹಿರಿಯ ಗೀರಿಗೆ ಇಟ್ಟರೆ ಅದು ತಳವನ್ನು ಕೆರೆಯುತ್ತದೆ, ಹಾಡಿಗಿಂತ ಕರಕರ ಸದ್ದೇ ಮೇಲಾಗುತ್ತದೆ. ಕೀಲಿಕೊಡುವ ಹಳೆಯ ಗ್ರಾಮಫೋನಿನಲ್ಲಿ ವಿನೈಲನ್ನು ಇಡುವುದಂತೂ ಘಾತವೇ ಸರಿ: ನೂರು ಗ್ರಾಮಿಗೂ ಮೀರಿದ ಭಾರವು ಎರಡು ಗ್ರಾಮು ತಾಳುವ ಮೈಯ ಮೇಲೆ ಕುಳಿತ ಹಾಗೆ.

ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿತವಾದ ಗೌಹರ್ ಜಾನಳ ಕಂಠವು ಆ ಕಾಲದ ತಟ್ಟೆಗಳಲ್ಲಿಯೇ ಉಳಿದು ಬಂದುದು. ಆಕೆ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅಂಥ ಕಂಠಗಳ ತಟ್ಟೆ ಮನೆಯಲ್ಲಿದ್ದು ಯಂತ್ರವಿಲ್ಲದಿದ್ದರೆ ಅದು ಮೂಕವಸ್ತು. ಮೂಕವಸ್ತುವು ಗುಜರಿಗೆ ಹೋಗಲು ಬಹುಕಾಲ ಬೇಡ.

ಆದರೆ ಇಲ್ಲೊಂದು ಆಕ್ಷೇಪವುಂಟು. ಮೂರು ವೇಗಗಳಲ್ಲಿಯೂ ತಿರುಗುವ, ಮುಳ್ಳನ್ನು ಬದಲಿಸಿಕೊಳ್ಳಬಹುದಾದ ಯಂತ್ರಗಳಿವೆ. ಗೃಹಸ್ಥನ ಮೊದಲನೆಯ ಯಂತ್ರಕ್ಕೆ 78ರ ವೇಗವಿರಲಿಲ್ಲ. ಆದಕಾರಣ ಎರಡನೆಯದನ್ನು ತಂದನು. ಸರಿ. ಎರಡನೆಯದು ಎಲ್ಲ ಕೆಲಸವನ್ನೂ ಮಾಡಬಲ್ಲುದಾದರೆ ಮೊದಲನೆಯದು ಏತಕ್ಕೆ ಇನ್ನೂ ಅಲ್ಲಿಯೇ ಇದೆ? ಸ್ವರವನ್ನು ಹೋಲಿಸಿ ನೋಡುವುದಕ್ಕೆ ಎಂದು ಅವನು ಹೇಳಬಹುದು. ಹೋಲಿಸುತ್ತ ಕುಳಿತವನ ಕಿವಿ ಯಂತ್ರದ ಮೇಲಿರುತ್ತದೆ, ರಾಗದ ಮೇಲಲ್ಲ. ಒಂದೇ ಪಲ್ಲವಿಯನ್ನು ಇದರಲ್ಲಿ ಎರಡು ಸಾರಿ, ಅದರಲ್ಲಿ ಎರಡು ಸಾರಿ ಇಟ್ಟು, ಚರಣಕ್ಕೆ ಹೋಗದೆ ಎದ್ದುಬಿಡುವ ರಸಿಕರೂ ಇದ್ದಾರೆ! ಹಾಡಿದವರಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ದೊಡ್ಡವರ ಉದಾಹರಣೆಯನ್ನು ಅವನು ಮುಂದೊಡ್ಡಬಹುದು. ಜಯಚಾಮರಾಜ ಒಡೆಯರಲ್ಲಿಗೆ ಬಂದಿದ್ದ ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಎಂಬಾತನು ಅಲ್ಲಿ ತಟ್ಟೆಗಳ ಮಹಾಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಹಲವು ಪಿಯಾನೋಗಳನ್ನೂ ಕಂಡುದಾಗಿ ಬರೆದಿದ್ದಾನೆ. ಎಣಿಕೆಯಿಂದ ನೋಡಿದರೆ ಪರಿಗ್ರಹದ ಶಿಖರವೇ ಅದು. ಆದರೆ ಅದೇ ರಾಜನ ಧನಸಹಾಯದಿಂದ, ಲಂಡನ್ನಿನಲ್ಲಿ ಮುಪ್ಪಿನಲ್ಲಿಯೂ ರೋಗದಲ್ಲಿಯೂ ಇದ್ದ ರಷ್ಯಾದ ವಾಗ್ಗೇಯಕಾರ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ನುಡಿಸಲ್ಪಟ್ಟು ಮುದ್ರಿತವಾದುವು. 1951ರಲ್ಲಿ ಅವನು ಸತ್ತನು, ನುಡಿಸಿದ್ದು ಉಳಿಯಿತು. ಮೈಸೂರನ್ನು ಕಾಣದವರೂ ಅದನ್ನು ಕೇಳುತ್ತಾರೆ. ಇಟ್ಟುಕೊಂಡದ್ದಕ್ಕಿಂತ ಹೊರಗೆ ಹರಿದುದೇ ಅಲ್ಲಿ ಹಿರಿದಾಯಿತು. (ಅರಮನೆಯ ಬೊಕ್ಕಸವು ರೈತರ ಕಂದಾಯದಿಂದ ತುಂಬಿದುದೆಂಬ ಮಾತನ್ನೂ ಮರೆಯಲಾಗದು; ಅದು ಬೇರೆ ವಿಚಾರ.) ಯಲಿಯೂರಿನ ಗೃಹಸ್ಥನ ಎರಡನೆಯ ಯಂತ್ರದಿಂದ ಹೊರಗೆ ಹರಿದುದು ಏನು ಎಂದು ಕೇಳಿದರೆ ಅವನು ತುಸು ಹೊತ್ತು ಮೌನವಾಗಿರಬೇಕಾಗುತ್ತದೆ.

ಮೌನದ ಬಳಿಕ ಅವನು ಹೇಳುವುದು ಪ್ರಾಯಶಃ ನಿಜವಾದ ಕಾರಣ: ಮೊದಲನೆಯದು ತಂದೆ ಕೊಂಡದ್ದು. ಇದಕ್ಕೆ ಉಮಾಸ್ವಾತಿಯ ಹೆಸರು ಮೂರ್ಛೆ. ಲೋಕದ ಹೆಸರು ಪ್ರೀತಿ. ಎರಡನ್ನೂ ಬೇರ್ಪಡಿಸುವುದು ಕಷ್ಟ. ತಂದೆಯ ನೆನಪನ್ನು ಕಿತ್ತೊಗೆಯೆಂದು ಯಾವ ಶಾಸ್ತ್ರವೂ ಗೃಹಸ್ಥನಿಗೆ ವಿಧಿಸಿಲ್ಲ. ಆ ನಿಯಮವೇನಿದ್ದರೂ ಯತಿಗೆ. ಆದರೆ ತಿರುಗದ ಯಂತ್ರದಲ್ಲಿ ರಬ್ಬರಿನ ಪಟ್ಟಿ ಗಟ್ಟಿಯಾಗಿ ಬಿರಿಯುತ್ತದೆ, ಎಣ್ಣೆ ಅಂಟುಗಟ್ಟುತ್ತದೆ. ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟ ಪ್ರೀತಿಯು ಕೆಲವೇ ವರ್ಷಗಳಲ್ಲಿ ಅದನ್ನು ಕೊಂದುಬಿಡುತ್ತದೆ. ಅದೇ ತಂದೆಯ ಮಗಳೊಬ್ಬಳು ಬೇರೂರಿನಲ್ಲಿ ಸಂಸಾರ ಮಾಡಿಕೊಂಡಿದ್ದು, ಆ ಹಾಡುಗಳನ್ನೇ ಕೇಳುತ್ತ ಬೆಳೆದವಳಾಗಿದ್ದರೆ, ಯಂತ್ರವು ಅಲ್ಲಿಗೆ ಹೋಗಬಹುದು. ಹೋಗುವಾಗ ಬರಿಯ ಯಂತ್ರವನ್ನು ಕಳುಹಿಸಿ ಫಲವಿಲ್ಲ. ವಿನೈಲ್ ತಟ್ಟೆಗಳಲ್ಲಿ ಅರ್ಧವನ್ನೂ ಒಂದು ಹೊಸ ಮುಳ್ಳನ್ನೂ ಅದರ ಜೊತೆಗೆ ಕಟ್ಟಿ ಕಳುಹಿಸಬೇಕು. ಯಾವ ಅರ್ಧವೆಂಬುದನ್ನು ಆರಿಸುವ ಹಕ್ಕು ಅವಳದು.