ಕಳಸ ಒಂದೂರಿನದು, ಮಿಣಿ ಇನ್ನೊಂದೂರಿನದು

ಅಮೆರಿಕದ ಮಧ್ಯಪಶ್ಚಿಮದ ಸಣ್ಣ ಊರುಗಳಲ್ಲಿ ನಡೆಯುವ ಜುಲೈ 4ರ ಪೆರೇಡು ಕಲಬುರಗಿ ಕಡೆಯವರಿಗೆ ತೀರ ಪರಕೀಯ ಅನ್ನಿಸುವುದಿಲ್ಲ. ಮುಂದೆ ಬಾವುಟ, ಹಿಂದೆ ಶಾಲೆಯ ಹುಡುಗರ ಬ್ಯಾಂಡು, ಅದರ ಹಿಂದೆ ಅಜ್ಜನ ಕಾಲದ ಟ್ರ್ಯಾಕ್ಟರುಗಳು, ಗಾಡಿಗಳಿಂದ ಮಕ್ಕಳತ್ತ ತೂರಿಬರುವ ಮಿಠಾಯಿ. ನೆಬ್ರಾಸ್ಕಾದ ಸೀವರ್ಡ್ ಎಂಬ ಊರು 1868ರಿಂದ ಈ ಹಬ್ಬ ಮಾಡುತ್ತ ಬಂದಿದೆ. ಮಿಷಿಗನ್ನಿನ ಹಾಲೆಂಡಿನಲ್ಲಿ ಟ್ಯೂಲಿಪ್ ಹಬ್ಬದ ಮೆರವಣಿಗೆಗೆ ಮುಂಚೆ ಊರವರು ಡಚ್ಚರ ಹಳೆಯ ಉಡುಪು ತೊಟ್ಟು, ರಸ್ತೆಗೆ ನೀರು ಸುರಿದು ಪೊರಕೆಯಿಂದ ಉಜ್ಜುತ್ತಾರೆ. ಪಲ್ಲಕ್ಕಿ ಬರುವ ಹೊತ್ತಿಗೆ ಬಾಗಿಲ ಮುಂದೆ ನೀರು ಹೊಡೆದು ರಂಗೋಲಿ ಹಾಕುವ ಆಳಂದ, ಅಫಜಲಪುರ, ಜೇವರ್ಗಿಯ ಹೆಣ್ಣುಮಕ್ಕಳು ಇದನ್ನು ಕಂಡರೆ, 'ಇವ್ರೂ ನಮ್ಮಂಗೇ ಮಾಡ್ತಾರಲ್ಲವ್ವಾ' ಅಂದಾರು.

ಈ ಮೂರು ತಾಲ್ಲೂಕುಗಳ ಬೀದಿ ಬಹಳ ದಿನ ಸುಮ್ಮನಿರುವುದಿಲ್ಲ. ಕಾರಹುಣ್ಣಿಮೆ ಬಂತೆಂದರೆ ಹಿಂದಿನ ದಿನ ಎತ್ತುಗಳಿಗೆ ಹೊನ್ನುಗ್ಗಿ. ಮರುದಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲ ಹೊದಿಸಿ ಮೆರವಣಿಗೆ. ಸಂಜೆ ಅಗಸಿಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು. ಬಿಳಿ ಎತ್ತು ಮೊದಲು ದಾಟಿದರೆ ಹಿಂಗಾರಿ, ಕೆಂದೆತ್ತು ದಾಟಿದರೆ ಮುಂಗಾರಿ ಚಲೋ ಎಂದು ಊರೇ ಲೆಕ್ಕ ಹಾಕುತ್ತದೆ. ಮೊಹರಂನಲ್ಲಿ ಹಸನ್ ಹುಸೇನರ ಪದ ಹಾಡುತ್ತ ಅಲಾಯಿ ಸುತ್ತ ಕುಣಿಯುವವರಲ್ಲಿ ಹಿಂದೂಗಳು ಎಷ್ಟು, ಮುಸಲ್ಮಾನರು ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದದ ದಾರಿಯಲ್ಲೇ ಚೆನ್ನೂರ ಜಲಾಲಸಾಹೇಬರೂ ನಡೆದ ನೆಲವಲ್ಲವೇ ಅದು! ಭೀಮಾ ಮತ್ತು ಅಮರ್ಜಾ ಕೂಡುವ ದೇವಲ ಗಾಣಗಾಪುರದಲ್ಲಿ ದತ್ತ ಜಯಂತಿಗೆ ಮಹಾರಾಷ್ಟ್ರದ ಭಕ್ತರು ಕಿಕ್ಕಿರಿಯುತ್ತಾರೆ; ಅಲ್ಲಿ ಹಣವಂತನೂ ಜೋಳಿಗೆ ಹಿಡಿದು ಮಧ್ಯಾಹ್ನ ಮಾಧುಕರಿ ಬೇಡುತ್ತಾನೆ.

ಈ ನೆಲಕ್ಕೆ ತನ್ನದೇ ಆದ ಸ್ವಾತಂತ್ರ್ಯದ ದಿನವೂ ಇದೆ. 1947ರ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಹಾರಿಸಿದಾಗ ಕಲಬುರಗಿ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತ್ರಿವರ್ಣ ಹಿಡಿದು ಬೀದಿಗಿಳಿಯುವುದೇ ಅಪರಾಧವಾಗಿದ್ದ ಕಾಲ. ರಜಾಕಾರರ ಹಾವಳಿ ಬೇರೆ. ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. 2019ರಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ'ವಾದ ಮೇಲೆ ಆ ದಿನದ ಉತ್ಸವದ ಹೆಸರೂ ಬದಲಾಯಿತು. ಆ ಕಡೆಯ ಹಿರಿಯರಿಗೆ ಮೆರವಣಿಗೆ ಎಂದರೆ ಬರಿಯ ಸಡಗರವಾಗಿರಲಿಲ್ಲ. ತಮ್ಮ ಬೀದಿಯಲ್ಲಿ ತಾವು ತಲೆಯೆತ್ತಿ ನಡೆಯಬಹುದು ಎಂಬ ಹಕ್ಕು ಅದು.

ಇಷ್ಟೆಲ್ಲ ಮೆರವಣಿಗೆಗಳು ಯಾವ ಇವೆಂಟ್ ಕಂಪನಿಯೂ ಇಲ್ಲದೆ ತಲೆಮಾರುಗಳ ಕಾಲ ಹೇಗೆ ಉಳಿದವು? ಉತ್ತರ ನಮ್ಮ ತೇರಿನಲ್ಲಿದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ದಾಸೋಹ ಮಾಡುತ್ತ ಕಲಬುರಗಿಗೆ ಬಂದು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ತೇರನ್ನು ಹೋಳಿ ಹುಣ್ಣಿಮೆಯಾದ ಐದನೆಯ ದಿನ ಎಳೆಯುತ್ತಾರೆ. ಹಿಂದಿನ ದಿನ ಉಚ್ಚಾಯಿ ಎಂಬ ಚಿಕ್ಕ ತೇರು. ಸುತ್ತಲ ತಾಲ್ಲೂಕುಗಳಿಂದ ನಡೆದೇ ಬಂದವರು ಉತ್ತತ್ತಿ, ಬಾಳೆಹಣ್ಣು ತೂರಿ ಕೈಮುಗಿಯುತ್ತಾರೆ. ಅಮೆರಿಕದಲ್ಲಿ ಮೆರವಣಿಗೆಯವರು ಜನರಿಗೆ ಮಿಠಾಯಿ ಎಸೆದರೆ, ಇಲ್ಲಿ ಜನರೇ ತೇರಿಗೆ ಎಸೆಯುತ್ತಾರೆ.

ಹಳ್ಳಿಯ ಜಾತ್ರೆಗೆ ಹೋದರೆ ಒಳಗಿನ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಎಷ್ಟೋ ಕಡೆ ತೇರಿನ ಕಳಸ ಒಂದೂರಿನಿಂದ ಬರಬೇಕು, ಎಳೆಯುವ ಮಿಣಿ ಇನ್ನೊಂದೂರಿನಿಂದ, ನಂದಿಕೋಲು ಮತ್ತೊಂದೂರಿನಿಂದ. ಗಾಲಿ ನೋಡುವವರು ಒಂದು ಮನೆತನ, ದೀವಟಿಗೆ ಹಿಡಿಯುವವರು ಇನ್ನೊಂದು, ಕುಂಭ ಹೊರುವ ಹೆಣ್ಣುಮಕ್ಕಳ ಓಣಿ ಬೇರೆ. ಮಿಣಿ ಬಾರದಿದ್ದರೆ ತೇರು ಕದಲದು. ಹಾಗಾಗಿ ವರ್ಷವೆಲ್ಲ ಬದುವಿಗಾಗಿ ಜಗಳಾಡಿದ ಎರಡು ಊರುಗಳೂ ಆ ದಿನ ಮಾತಾಡಲೇಬೇಕು. ದುಡಿಯಲು ಪುಣೆ, ಮುಂಬೈಗೆ ಹೋದವರು ಜಾತ್ರೆಗೆ ಊರಿಗೆ ಓಡಿಬರುವುದೂ ಇದಕ್ಕೇ. ತಾನು ಹೋಗದಿದ್ದರೆ ಮನೆತನದ ಸೇವೆ ತಪ್ಪುತ್ತದೆ ಎಂಬ ಅಂಜಿಕೆ, ಅದರ ಬೆನ್ನಿಗೇ ಒಂದು ಹೆಮ್ಮೆ.

ಇದನ್ನು ಬರಿ ಹೊಗಳಿ ಬಿಡುವಂತಿಲ್ಲ. ಹಲಗೆಯಿಲ್ಲದೆ ಮೆರವಣಿಗೆ ಹೊರಡದು, ಆದರೆ ಹಲಗೆ ಬಾರಿಸುವವರಿಗೆ ಗುಡಿಯ ಹೊಸ್ತಿಲು ದಾಟುವ ಅವಕಾಶವಿರಲಿಲ್ಲ. ಎಷ್ಟೋ ಊರಲ್ಲಿ ಪಲ್ಲಕ್ಕಿ ಅವರ ಕೇರಿಗೆ ಹೋಗುತ್ತಿರಲಿಲ್ಲ. ಆಳಂದದವನೇ ಆದ ಏಕಾಂತದ ರಾಮಯ್ಯನಂಥ ಶರಣರ ನೆಲದಲ್ಲೂ ಈ ಗೆರೆ ಪೂರ್ತಿ ಅಳಿಯಲಿಲ್ಲ. ಅಮೆರಿಕದಲ್ಲೂ ಹೀಗೇ. 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಒಮ್ಮೆ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್, ಗುಲಾಮನಿಗೆ ನಿಮ್ಮ ಜುಲೈ 4 ಏನು ಎಂದು ಕೇಳಿದ ಪ್ರಶ್ನೆ ಆ ದೇಶದ ಹಬ್ಬವನ್ನು ಇಂದಿಗೂ ಕಾಡುತ್ತದೆ. ಹುಟ್ಟಿನಿಂದ ಹೇರಿದ ಕೆಲಸ ಸೇವೆಯಲ್ಲ, ಬಿಟ್ಟಿ ಚಾಕರಿ. ನಾವು ಉಳಿಸಿಕೊಳ್ಳಬೇಕಾದದ್ದು ಹಂಚಿಕೊಂಡು ಮಾಡುವ ಗುಣವನ್ನು, ಜಾತಿ ನೋಡಿ ಹಂಚಿದ ಪದ್ಧತಿಯನ್ನಲ್ಲ.

ಈಗ ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟಗಳತ್ತ ನೋಡೋಣ. ಡೆಟ್ರಾಯಿಟ್ 2002ರಲ್ಲಿ, ಶಿಕಾಗೊ 2008ರಲ್ಲಿ ಅಮೆರಿಕ ಕನ್ನಡ ಕೂಟಗಳ ಆಗರ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ನಡೆಸಿಕೊಟ್ಟ ಊರುಗಳು. ಮಧ್ಯಪಶ್ಚಿಮದ ಕನ್ನಡಿಗರಿಗೆ ಹಬ್ಬ ಮಾಡಲು ಬಾರದೆಂದಲ್ಲ. ಆದರೆ ಪ್ರತಿ ವರ್ಷದ ರಾಜ್ಯೋತ್ಸವದಲ್ಲಿ ಏನಾಗುತ್ತದೆ? ಹತ್ತಾರು ಮಂದಿಯ ಸಮಿತಿ ಸಭಾಂಗಣ ಹಿಡಿದು, ಊಟ ತರಿಸಿ, ವೇದಿಕೆ ಕಟ್ಟಿ ಬಸವಳಿಯುತ್ತದೆ. ಉಳಿದವರು ಟಿಕೆಟ್ ಕೊಂಡು ಕುರ್ಚಿಯಲ್ಲಿ ಕೂತು, ಸಾರು ಸಪ್ಪೆಯಾಯಿತು ಎಂದು ಎದ್ದು ಹೋಗುತ್ತಾರೆ. ಬರದಿದ್ದರೂ ಯಾವ ಕೆಲಸವೂ ನಿಲ್ಲದ ಕಡೆಗೆ ಜನ ಎಷ್ಟು ವರ್ಷ ಬಂದಾರು?

ತೇರಿನ ಲೆಕ್ಕವನ್ನು ಇಲ್ಲಿಗೂ ತರಬಹುದು. ಮೆರವಣಿಗೆಯ ಧ್ವಜ ಒಂದು ಪಟ್ಟಣದ ಮನೆಗಳದ್ದಾಗಲಿ, ಭುವನೇಶ್ವರಿಯ ಪಲ್ಲಕ್ಕಿ ನೆರೆಯ ಕೂಟದ್ದು, ಡೊಳ್ಳು ಕಾಲೇಜಿನ ಮಕ್ಕಳದ್ದು. ಕಲಬುರಗಿಯವರು ಜೋಳದ ರೊಟ್ಟಿ, ಶೇಂಗಾ ಹಿಂಡಿ ತರಲಿ. ಮಂಗಳೂರಿನವರು ತಮ್ಮದು ತರಲಿ. ಬೇಕಾದವರು ಬೇಕಾದ ಸೇವೆ ಹಿಡಿಯಲಿ, ವರ್ಷಕ್ಕೊಮ್ಮೆ ಬದಲಾಯಿಸಿಕೊಳ್ಳಲಿ. ನಾವಿರುವ ಊರಿನ ಜುಲೈ 4ರ ಪೆರೇಡಿನಲ್ಲೂ ಹೆಸರು ಬರೆಸಿ, ನೆರೆಯವರ ಟ್ರ್ಯಾಕ್ಟರಿನ ಹಿಂದೆ ಹಲಗೆ, ಲೇಜಿಮಿನೊಂದಿಗೆ ನಡೆಯೋಣ. ಆ ಊರಿಗೆ ತೆರಿಗೆ ಕಟ್ಟುವ ನಾವು ಅದರ ಬೀದಿಯಲ್ಲಿ ಬರಿಯ ನೋಟಕರಾಗಿ ನಿಲ್ಲಬೇಕಿಲ್ಲ. ಮುಂದಿನ ತಲೆಮಾರು ಕನ್ನಡ ಓದೀತೋ ಬಿಟ್ಟೀತೋ, ಆದರೆ 'ನಾನು ಬಾರದಿದ್ದರೆ ಮೆರವಣಿಗೆ ಹೊರಡದು' ಎಂದು ಗೊತ್ತಿರುವ ಹುಡುಗಿ ಆ ದಿನಕ್ಕೆ ರಜೆ ಹಾಕಿ ಬಂದೇ ಬರುತ್ತಾಳೆ.