ಕೊನೆಯ ಪಂಕ್ತಿ

ಉದ್ಯೋಗದಿಂದ ನಿವೃತ್ತರಾದವರಿಗೆ ಏನಾದರೊಂದು ಹವ್ಯಾಸವಿರಬೇಕೆಂದು ತಿಳಿದವರು ಹೇಳುತ್ತಾರೆ. ಕೆಲವರು ಗುಲಾಬಿ ಗಿಡ ಬೆಳೆಸುತ್ತಾರೆ. ಕೆಲವರು ನೆರೆಯವರ ತಪ್ಪುಗಳನ್ನು ಎಣಿಸುತ್ತಾರೆ. ಮೂವತ್ತೆರಡು ವರುಷ ಹೈಸ್ಕೂಲಿನಲ್ಲಿ ಪಾಠ ಹೇಳಿ ಮೈಸೂರಿನ ಮನೆಯಲ್ಲಿ ಕುಳಿತ ನನಗೆ ಬರೆಯುವ ಚಟ ಹತ್ತಿತು. ಬರೆಯುವುದೆಂದರೆ ಮಹಾಕಾವ್ಯವೇನಲ್ಲ, ವಾರಕ್ಕೊಂದು ಪುಟ. ಆ ವಾರ ನಮ್ಮ ಮನೆಯಲ್ಲಿ ಏನು ನಡೆಯಿತು, ಒಲೆಯ ಮೇಲೆ ಏನು ಬೆಂದಿತು, ಏನು ಸೀದುಹೋಯಿತು, ಇಷ್ಟೆ. ಮೊದಲು ಅದನ್ನು ದೂರದೂರಿನಲ್ಲಿರುವ ಮಗಳಿಗೆಂದು ಬರೆದೆ. ಅವಳು ಗೆಳತಿಯರಿಗೆ ತೋರಿಸಿದಳು. ಗೆಳತಿಯರು ತಮ್ಮ ತಾಯಂದಿರಿಗೆ ತೋರಿಸಿದರು. ಈಗ ಮೊಬೈಲಿನ ಕೃಪೆಯಿಂದ ನನ್ನ ಪುಟ ಅರವತ್ತು ಮನೆಗಳಿಗೆ ಹೋಗುತ್ತದೆ. ಅರವತ್ತು ಮನೆಯೆಂದರೆ ಒಂದು ಸಣ್ಣ ಹಳ್ಳಿ. ಭಾನುವಾರ ಬೆಳಿಗ್ಗೆ ಒಂದು ಹಳ್ಳಿಯೇ ನನಗಾಗಿ ಕಾದಿದೆ ಎಂಬ ಭಾವನೆ ಒಮ್ಮೆ ತಲೆಗೇರಿತೆಂದರೆ ಇಳಿಸುವುದು ಸುಲಭವಲ್ಲ.

ನಮ್ಮ ಅಡುಗೆಮನೆಯ ಗೋಡೆಯಲ್ಲೊಂದು ಕ್ಯಾಲೆಂಡರ್ ಇದೆ. ಹಿಂದೆ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ನೆಂಟರ ಮನೆಯ ಮದುವೆ ಇವುಗಳನ್ನು ಗುರುತು ಹಾಕುತ್ತಿದ್ದೆ. ಈಗ ಪೆನ್ಸಿಲಿನಲ್ಲಿ ಬೇರೆಯ ಬರಹವೂ ಸೇರಿದೆ: ಯುಗಾದಿಯ ವಾರಕ್ಕೆ ಒಬ್ಬಟ್ಟಿನ ಸಾರು, ವೈಶಾಖಕ್ಕೆ ಮಾವಿನಕಾಯಿ ಚಿತ್ರಾನ್ನ, ಕಾರ್ತಿಕಕ್ಕೆ ನೆಲ್ಲಿಕಾಯಿ. ಮುಂದಾಲೋಚನೆ ಒಳ್ಳೆಯ ಗುಣವೇ. ಆದರೆ ಹಬ್ಬಕ್ಕಾಗಿ ಅಡುಗೆ ಮಾಡುತ್ತಿದ್ದವಳು ಬರಹಕ್ಕಾಗಿ ಹಬ್ಬ ಮಾಡತೊಡಗಿದ್ದು ಎಂದಿನಿಂದ ಎಂಬುದು ನನಗೇ ತಿಳಿಯಲಿಲ್ಲ. ನಮ್ಮವರಿಗೆ ಬೇಕಾದದ್ದು ತಿಳಿಸಾರು, ಹುರುಳಿಕಾಯಿ ಪಲ್ಯ. ಹುರುಳಿಕಾಯಿ ಪಲ್ಯವನ್ನು ಕುರಿತು ಎಷ್ಟು ಸಲ ಬರೆಯಲಾದೀತು? ಒಂದು ಮಧ್ಯಾಹ್ನ ಬಡಿಸಿದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಸರಿಸಿ ನಾನು ಚಿತ್ರ ತೆಗೆಯುತ್ತಿದ್ದಾಗ, ಕೈತೊಳೆದು ಕುಳಿತಿದ್ದ ಅವರು ಕೇಳಿದರು: “ಇವತ್ತಿನ ಅಡುಗೆ ಊಟಕ್ಕೋ, ಬರಹಕ್ಕೋ?” ನಾನು ನಕ್ಕುಬಿಟ್ಟೆ. ಅದು ನಗುವ ಮಾತಾಗಿರಲಿಲ್ಲವೆಂದು ತಿಳಿದದ್ದು ಕಳೆದ ಆಷಾಢದಲ್ಲಿ.

ತೀರ್ಥಹಳ್ಳಿಯ ಕಡೆಯಿಂದ ನನ್ನ ಸೋದರತ್ತೆ ಬಂದಿದ್ದರು. ಎಂಬತ್ತನ್ನು ದಾಟಿದ ಜೀವ. ಮಳೆಗಾಲವಾದ್ದರಿಂದ ಪತ್ರೊಡೆ ಮಾಡಿಕೊಡುತ್ತೇನೆಂದು ತಾವೇ ಮುಂದೆ ಬಂದರು. ನನಗೆ ಸಂತೋಷವೋ ಸಂತೋಷ. ಕ್ಯಾಲೆಂಡರಿನಲ್ಲಿ ಆ ಭಾನುವಾರ ಖಾಲಿ ಬಿದ್ದಿತ್ತು. ಅತ್ತೆ ಕೆಸುವಿನೆಲೆಯನ್ನು ಮಗುಚಿ ಹಾಕಿಕೊಂಡು, ದಪ್ಪ ನಾರನ್ನು ಚಾಕುವಿನಿಂದ ಹೆರೆದು, ಹಿಟ್ಟು ಬಳಿಯುತ್ತ, ಎಲೆಯ ಮೇಲೆ ಎಲೆಯನ್ನಿಡುತ್ತಿದ್ದರು. ನಾನು ಪಕ್ಕದಲ್ಲಿ ನೋಟುಪುಸ್ತಕ ಹಿಡಿದು ಕುಳಿತಿದ್ದೆ. ಕೈ ಕೆಲಸದಲ್ಲಿರುವಾಗ ಮನಸ್ಸು ಹಿಂದಕ್ಕೆ ಹೋಗುತ್ತದಲ್ಲವೆ? ಅತ್ತೆ ಮೆಲ್ಲನೆ ಶುರುಮಾಡಿದರು: “ನಾನು ಮದುವೆಯಾಗಿ ಬಂದ ವರುಷವೂ ಹೀಗೇ ಮಳೆ. ಒಂದು ದಿನ ಕೆಸುವಿನೆಲೆ ತಾ ಅಂತ ನಮ್ಮತ್ತೆ ನನ್ನನ್ನು ಹಿತ್ತಲಿಗೆ ಕಳಿಸಿದರು. ನಾನು ಅಲ್ಲಿ ಹೋಗಿ ನೋಡಿದರೆ...” ಅವರ ದನಿ ಬೇರೆಯಾಗಿತ್ತು. ಅದನ್ನು ನಾನು ಕೇಳಿಸಿಕೊಂಡೆ, ಆದರೆ ಲಕ್ಷ್ಯ ಕೊಡಲಿಲ್ಲ. ನಾನು ಕೇಳಿದ್ದಿಷ್ಟು: “ಅತ್ತೆ, ಅಕ್ಕಿ ಎಷ್ಟು ಹೊತ್ತು ನೆನೆಸಿದ್ದಿರಿ?”

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ನನ್ನ ಪುಸ್ತಕವನ್ನು ನೋಡಿದರು. “ನಾಲ್ಕು ಗಂಟೆ,” ಎಂದರು. ಮುಂದೆ ಅಳತೆಗಳನ್ನೆಲ್ಲ ಸರಿಯಾಗಿ ಹೇಳಿದರು. ಕಥೆಯನ್ನು ಮಾತ್ರ ಹೇಳಲಿಲ್ಲ.

ಆ ಭಾನುವಾರದ ಪುಟಕ್ಕೆ ಬಂದಷ್ಟು ಮೆಚ್ಚುಗೆ ಹಿಂದೆ ಯಾವುದಕ್ಕೂ ಬಂದಿರಲಿಲ್ಲ. ಅತ್ತೆ ಊರಿಗೆ ಹೋದಮೇಲೆ ಮನಸ್ಸು ತಡೆಯದೆ ಫೋನು ಮಾಡಿದೆ. “ಅವತ್ತು ಹಿತ್ತಲಿಗೆ ಹೋದಿರಿ ಅಂತ ಏನೋ ಹೇಳುತ್ತಿದ್ದಿರಲ್ಲ?” “ಏನೋ ಇತ್ತು ಮಾರಾಯ್ತಿ, ಈಗ ಅದೆಲ್ಲ ಯಾಕೆ? ಹುಣಿಸೆಹಣ್ಣು ಒಂಚೂರು ಮುಂದಾಗಿರಬೇಕು ಅಂತ ಬರೆದೆಯಾ? ಇಲ್ಲದಿದ್ದರೆ ಗಂಟಲು ತುರಿಸುತ್ತೆ,” ಎಂದರು. ಬರೆದಿದ್ದೆ. ಕೆಸುವಿನಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿವೆಯೆಂದೂ, ಕ್ಯಾಲ್ಸಿಯಂ ಆಕ್ಸಲೇಟೆಂಬ ಆ ಹರಳುಗಳೇ ತುರಿಕೆಗೆ ಕಾರಣವೆಂದೂ ವಿವರಿಸಿ ಬರೆದಿದ್ದೆ. ಆ ತುರಿಕೆಗೆ ಹುಣಿಸೆಹಣ್ಣು ಇದೆ. ನನ್ನೊಳಗೆ ಎದ್ದ ತುರಿಕೆಗೆ ಮದ್ದೇನು?

ನನ್ನ ಪರವಾಗಿ ವಾದಿಸಲು ನನಗೆ ಬಾರದೆಂದಲ್ಲ. ಬರೆದಿಡದಿದ್ದರೆ ಎಲ್ಲವೂ ಅಳಿದುಹೋಗುತ್ತದೆ. ಇಮ್ಮಡಿ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ರಚಿಸದಿದ್ದರೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ, ಜೀರಿಗೆ ಕೊತ್ತಂಬರಿ ಮೆಣಸು ಇಂಗು ಸೇರಿಸಿ ಅಂದಿನವರು ಇಡ್ಡಲಿಗೆ ಮಾಡುತ್ತಿದ್ದರೆಂದು ನಮಗೆ ಹೇಗೆ ತಿಳಿಯುತ್ತಿತ್ತು? ಅದರಲ್ಲಿ ಅಕ್ಕಿಯ ಸುಳಿವೇ ಇಲ್ಲ. ಸುಮಾರು ಐದು ನೂರು ವರುಷಗಳ ಬಳಿಕ ಮೂರನೆಯ ಮಂಗರಸ ಪಾಕವಿಧಾನಗಳನ್ನು ಷಟ್ಪದಿಯಲ್ಲಿ ಹೇಳಿ ‘ಸೂಪಶಾಸ್ತ್ರ’ವೆಂದು ಹೆಸರಿಟ್ಟ. ಇವರ ಋಣ ನಮ್ಮ ನಾಲಿಗೆಯ ಮೇಲಿದೆ. ಹಾಗಿದ್ದರೂ ಈಚೆಗೆ ನನಗೊಂದು ಪ್ರಶ್ನೆ ಏಳುತ್ತದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕೆಂದು ಚಾವುಂಡರಾಯನಿಗೆ ಹೇಳಿದವರು ಯಾರು? ರುಬ್ಬುತ್ತ ಅವರು ಮತ್ತೇನನ್ನು ಹೇಳಹೊರಟಿದ್ದರು? ಪಾಕ ಉಳಿಯಿತು, ಕೈ ಉಳಿಯಲಿಲ್ಲ. ಶಾಸ್ತ್ರಕಾರನ ಮೇಲೆ ನಾನು ತಪ್ಪು ಹೊರಿಸಲಾರೆ. ಅವನ ಕಾಲ, ಅವನ ಕೆಲಸ ಬೇರೆ. ನನ್ನ ಮುಂದಾದರೋ ಹೇಳುವವರು ಜೀವಂತವಾಗಿ ಕುಳಿತಿದ್ದರು.

ಹಾಗಾದರೆ ಬದುಕನ್ನು ಸ್ವಲ್ಪ ದೂರ ನಿಂತು ನೋಡುವುದೇ ತಪ್ಪೇ? ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳ ಮಾತು ಬರುತ್ತದೆ. ಒಂದು ಹಣ್ಣನ್ನು ತಿನ್ನುತ್ತದೆ. ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ಬರೆಯುವವರೆಲ್ಲ ತಾವು ಎರಡನೆಯ ಹಕ್ಕಿಯೆಂದು ಭಾವಿಸಿ ಹಿಗ್ಗುವುದುಂಟು. ನಾನೂ ಹಿಗ್ಗಿದ್ದೆ. ಆದರೆ ಆ ಹಕ್ಕಿಗೆ ಏನೂ ಬೇಡ. ಅದಕ್ಕೇ ಅದು ಸಾಕ್ಷಿ. ನನ್ನ ಹಕ್ಕಿಯ ಕೊಕ್ಕಿನಲ್ಲಿ ಪೆನ್ಸಿಲಿದೆ, ಅದಕ್ಕೆ ಭಾನುವಾರದ ಚಿಂತೆಯಿದೆ. ತಿನ್ನುವ ಹಕ್ಕಿಯನ್ನು ತಡೆದು ‘ಹಣ್ಣಿನ ತೂಕವೆಷ್ಟು?’ ಎಂದು ಅದು ಕೇಳುತ್ತದೆ. ಸಾಕ್ಷಿಯ ವೇಷ ಹಾಕಿದ ಹಸಿವು ಅದು. ಹೀಗೆ ನೋಡುವವನಿಗೆ ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣುವುದಿಲ್ಲ, ಸಾಮಗ್ರಿಯಾಗಿ ಕಾಣುತ್ತಾನೆ. ನನ್ನಿಂದಾದ ತಪ್ಪು ಇದೇ ಹೊರತು ಬರೆದದ್ದಲ್ಲ.

ಬರೆಯುವುದನ್ನು ಬಿಟ್ಟುಬಿಡಲೇ ಎಂದು ಕೆಲವು ದಿನ ಯೋಚಿಸಿದೆ. ನಮ್ಮವರನ್ನು ಕೇಳಿದರೆ, “ಬಿಡಬೇಡ, ಆದರೆ ಸಾರು ಆರಿಸಬೇಡ,” ಎಂದರು. ಅವರ ಮಾತಿನಿಂದಲೇ ನನಗೊಂದು ದಾರಿ ಹೊಳೆಯಿತು. ನಾನು ಚಿಕ್ಕವಳಾಗಿದ್ದಾಗ ನಮ್ಮಲ್ಲಿ ಮದುವೆ ಮುಂಜಿಗಳಾದರೆ ಬಡಿಸಿದವರೂ ಅಡುಗೆಯವರೂ ಕೊನೆಯ ಪಂಕ್ತಿಯಲ್ಲಿ ಕೂಡುತ್ತಿದ್ದರು. ಅಷ್ಟು ಹೊತ್ತಿಗೆ ಪಾಯಸ ಮುಗಿದಿದ್ದರೂ ಮುಗಿದಿರಬಹುದು. ಅವರು ಅದಕ್ಕೆ ಬೇಸರಪಟ್ಟದ್ದನ್ನು ನಾನು ಕಾಣೆ. ನನ್ನ ಬರಹವನ್ನೂ ಆ ಪಂಕ್ತಿಯಲ್ಲಿ ಕೂರಿಸಬೇಕೆಂದು ನಿಶ್ಚಯಿಸಿದೆ. ಮೊದಲು ಬಿಸಿ ಊಟ, ಮೊದಲು ಮಾತು, ಮೊದಲು ಮನುಷ್ಯರು. ಎಲ್ಲ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಏನು ಉಳಿದಿದೆಯೋ ಅದು ಬರಹಕ್ಕೆ. ನೋಟುಪುಸ್ತಕ ಈಗ ಅಡುಗೆಮನೆಯೊಳಕ್ಕೆ ಬರುವುದಿಲ್ಲ. ಮರುದಿನ ನೆನಪಿನಿಂದ ಬರೆಯುತ್ತೇನೆ. ಒಂದೆರಡು ಅಳತೆ ಮರೆತರೆ ಮತ್ತೆ ಕೇಳಿದರಾಯಿತು. ಅಳತೆಯನ್ನು ಎರಡು ಸಲ ಕೇಳಬಹುದು. ತುಂಡಾದ ಮಾತನ್ನು ಮಾತ್ರ ಎರಡನೆಯ ಸಲ ಕೇಳಿದರೆ ಸಿಗುವುದಿಲ್ಲ.

ಇದನ್ನು ಓದಿದವರು, “ಅತ್ತೆಯ ವಿಷಯವನ್ನು ಈಗಲೂ ಬರೆದೆಯಲ್ಲ?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೆಯುವ ಮೊದಲು ಅವರನ್ನು ಕೇಳಿದೆ. “ಬರಿ, ನನ್ನ ಹೆಸರು ಬೇಡ,” ಎಂದರು. ಹಿತ್ತಲಿನಲ್ಲಿ ಅವರು ಕಂಡದ್ದೇನೆಂದು ನನಗೆ ಇಂದಿಗೂ ತಿಳಿಯದು. ಆದ್ದರಿಂದ ಅವರ ಗುಟ್ಟು ನನ್ನಿಂದ ಕ್ಷೇಮವಾಗಿದೆ.

ಈ ಸಲದ ಮಳೆಗಾಲದಲ್ಲಿ ಅವರ ಊರಿಗೆ ಹೋಗಬೇಕೆಂದಿದ್ದೇನೆ. ಪಕ್ಕದಲ್ಲಿ ಕುಳಿತು ಎಲೆಯ ನಾರು ಹೆರೆಯುತ್ತೇನೆ. ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಇನ್ನೊಂದು ಎಲೆ ತೆಗೆದುಕೊಳ್ಳುತ್ತೇನೆ. ಆ ಭಾನುವಾರ ಪುಟ ಬಾರದಿದ್ದರೆ ನನ್ನ ಅರವತ್ತು ಮನೆಯವರು ಕ್ಷಮಿಸಬೇಕು.